ಮೊದಲ ‘ಸಾಕು’

ಶಿವಮೊಗ್ಗ, ಹೊರಡುವ ಮುನ್ನ

ಹ್ಯಾಂಬರ್ಗಿಗೆ ಹೋಗಿ ಬಂದೆ ಎಂದರೆ ಎಲ್ಲರೂ ಅಲ್ಲಿನ ಬಂದರು ಹೇಗಿದೆ, ಹಡಗು ಎಷ್ಟು ದೊಡ್ಡದಿದೆ ಎಂದು ಕೇಳುತ್ತಾರೆ. ಹಡಗು ನೋಡಿದೆ. ನಾನಿರುವ ಭದ್ರಾವತಿಯ ಜನ್ನಾಪುರದ ಬೀದಿಗಿಂತ ಉದ್ದವಾಗಿತ್ತು. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ, ಯಾಕೆಂದರೆ ನಾನು ಹಡಗು ನೋಡಲು ಹೋದವಳಲ್ಲ. ಹೋದ ಕೆಲಸವೇ ಬೇರೆ. ಅದನ್ನು ಮೊದಲ ಸಲ ಹೀಗೆ ಬಾಯಿಬಿಟ್ಟು ಹೇಳುತ್ತಿದ್ದೇನೆ, ಮುಜುಗರವಾಗುವವರು ಪುಟ ಮಗುಚಿಕೊಳ್ಳಬಹುದು.

ಭದ್ರಾವತಿಯಲ್ಲಿ ನನ್ನದು ಮದುವೆ, ಗೃಹಪ್ರವೇಶಗಳ ಅಡುಗೆ ಕಂಟ್ರಾಕ್ಟು. ಅಪ್ಪನಿಂದ ಬಂದ ಕೆಲಸ. ಗಂಡನಿಂದ ಬಿಡುಗಡೆ ಪಡೆದು ಬಹಳ ವರ್ಷವಾಯಿತು, ಮಕ್ಕಳಿಲ್ಲ. ದಿನವಿಡೀ ನೂರಾರು ಜನರಿಗೆ ಬಡಿಸಿ, ಸಂಜೆ ಮನೆಗೆ ಬಂದು ಒಂದೇ ತಟ್ಟೆ ತೊಳೆದಿಡುವವಳು. ಗಿರೀಶ ಪರಿಚಯವಾದದ್ದೂ ಊಟದ ಪಂಕ್ತಿಯಲ್ಲೇ. ಅವನಿಗೆ ಶಂಕರಘಟ್ಟದಲ್ಲಿ ಆಫೀಸು ಕೆಲಸ, ಶಿವಮೊಗ್ಗದಲ್ಲಿ ಮನೆ, ಅವನೂ ಒಬ್ಬನೇ. ಇಬ್ಬರಿಗೂ ಐವತ್ತು ಹತ್ತಿರ. ಊರಿಗೆ ಗೊತ್ತಾಗದ ಹಾಗೆ ಭೇಟಿಯಾಗುತ್ತಿದ್ದೆವು. ಹೆಚ್ಚಾಗಿ ಗಾಜನೂರಿನ ಕಡೆ ಅವನ ಕಾರು ನಿಲ್ಲಿಸಿಕೊಂಡು, ಅಣೆಕಟ್ಟಿನ ನೀರು ನೋಡುತ್ತಾ ಕೂರುತ್ತಿದ್ದೆವು.

ಒಂದು ಮಧ್ಯಾಹ್ನ ಅವನು ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು, ನನ್ನ ಕಡೆ ನೋಡದೆ, “ಒಂದು ಮಾತು ಹೇಳ್ತೀನಿ, ನಗಬೇಡ ಮಾರಾಯ್ತಿ” ಎಂದ.

“ಮೊದಲು ಹೇಳು. ನಗೋದೋ ಬಿಡೋದೋ ಆಮೇಲೆ ನೋಡ್ತೀನಿ.”

“ದಿನವೆಲ್ಲಾ ಆಫೀಸಲ್ಲಿ ಬಾಯಿ ಬಡ್ಕೊಂಡು ಬಡ್ಕೊಂಡು ಬೇಜಾರಾಗಿದೆ. ನಿನ್ ಹತ್ರ ಇದ್ದಾಗ ಮಾತಾಡೋ ಜವಾಬ್ದಾರೀನೇ ಬೇಡ ಅನ್ಸತ್ತೆ. ನನ್ನ ಬಾಯಿ ಕಟ್ಟಿಬಿಡು. ಆಮೇಲೆ ಏನಿದ್ರೂ ನೀನು ಹೇಳಿದ್ ಹಾಗೆ.”

ನಾನು ನಗಲಿಲ್ಲ. ನಾನು ಇಷ್ಟು ವರ್ಷ ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದ ಆಸೆಯ ಇನ್ನೊಂದು ತುದಿ ಅವನ ಬಾಯಿಂದ ಬಂದಿತ್ತು. ಒಬ್ಬರು ಕಟ್ಟುವುದು, ಇನ್ನೊಬ್ಬರು ಕಟ್ಟಿಸಿಕೊಳ್ಳುವುದು, ಇಬ್ಬರೂ ಒಪ್ಪಿ ಆಡುವ ಆಟ. ಪ್ರಾಯಕ್ಕೆ ಬಂದ ಗಂಡಸರು ಹೆಂಗಸರು ಜಗತ್ತಿನ ಎಲ್ಲಾ ಕಡೆ ಇದನ್ನು ಆಡುತ್ತಾರಂತೆ. ಬಾಯಿಗೆ ಕಟ್ಟುವ ವಸ್ತುವಿಗೆ ಗ್ಯಾಗ್ ಎನ್ನುತ್ತಾರೆ. ನಮ್ಮಲ್ಲಿ ಕಣದಲ್ಲಿ ತುಳಿಯುವ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಗೆ ಹೆಸರಿದೆ, ಮನುಷ್ಯರದ್ದಕ್ಕೆ ಇಲ್ಲ. ನಾವಿಬ್ಬರೂ ಅದನ್ನು ಬಾಯಿಪಟ್ಟಿ ಎಂದು ಕರೆದುಕೊಂಡೆವು.

ಆದರೆ ಭಯವಿತ್ತು. ಗಿರೀಶನಿಗೆ ಸೈನಸ್ಸು. ಮಳೆ ಬಿದ್ದರೆ ಮೂಗು ಕಟ್ಟಿತು, ಧೂಳೆದ್ದರೆ ಮೂಗು ಕಟ್ಟಿತು. ಬಾಯಿಯನ್ನೂ ಕಟ್ಟಿಬಿಟ್ಟರೆ ಮನುಷ್ಯ ಉಸಿರಾಡುವುದು ಎಲ್ಲಿಂದ? ಯಾರನ್ನು ಕೇಳುವುದು? ಶಿವಮೊಗ್ಗದಲ್ಲಿ ನನಗೆ ಗೊತ್ತಿರುವ ಡಾಕ್ಟರುಗಳೆಲ್ಲ ನನ್ನ ಕೈಯಿಂದ ಹೋಳಿಗೆ ಬಡಿಸಿಕೊಂಡವರು. ಫೋನಿನಲ್ಲಿ ಹುಡುಕಿದರೆ ಕಟ್ಟುವುದನ್ನು ಮಾತ್ರ ತೋರಿಸುತ್ತಾರೆ, ಬಿಚ್ಚುವುದನ್ನು ಯಾರೂ ತೋರಿಸುವುದಿಲ್ಲ. ಅಷ್ಟರಲ್ಲಿ ನಮಗೆ ಪಾತ್ರೆ ಪೂರೈಸುವ ಅಂಗಡಿಯವರು ಹ್ಯಾಂಬರ್ಗಿನಲ್ಲಿ ದೊಡ್ಡ ಅಡುಗೆಮನೆಯ ಸಲಕರಣೆಗಳ ಮೇಳವಿದೆ, ಬರುತ್ತೀರಾ ಎಂದು ಕೇಳಿದರು. ಆ ಊರಿನಲ್ಲೇ, ಅದೇ ವಾರ, ಬಾಯಿಪಟ್ಟಿಯನ್ನು ಅಪಾಯವಿಲ್ಲದೆ ಬಳಸುವುದನ್ನು ಕಲಿಸುವ ತರಗತಿಯೊಂದು ಕಣ್ಣಿಗೆ ಬಿತ್ತು. ಹೊಸಬರು ಒಂಟಿಯಾಗಿಯೂ ಬರಬಹುದು ಎಂದಿತ್ತು.

“ಕಲಿತು ಬರ್ತೀನಿ” ಎಂದೆ ಗಿರೀಶನಿಗೆ.

“ಹೋಗ್ ಬಾ. ನಾನೇನು ಎಲ್ಲಿಗೂ ಓಡಿ ಹೋಗಲ್ಲ” ಎಂದ.

ಆ ಮಾತನ್ನೇ ನಂಬಿಕೊಂಡು ವಿಮಾನ ಹತ್ತಿದೆ.

ಹೈಕೆಯ ಕೇಕು

ಮೇಳದವರ ಹೋಟೆಲಿನಲ್ಲಿ ಇಳಿಯಲಿಲ್ಲ. ಪಾತ್ರೆ ಅಂಗಡಿಯಿಂದ ಜೊತೆಗೆ ಬಂದವರ ಕಣ್ಣು ತಪ್ಪಿಸಬೇಕಿತ್ತಲ್ಲ. ಹೈಕೆ ಎಂಬ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಹಿಡಿದೆ. ಬಿಳಿಗೂದಲಿನ, ಉದ್ದನೆಯ, ನೆಟ್ಟಗೆ ನಡೆಯುವ ಹೆಂಗಸು. ಬಾಗಿಲು ತೆರೆದವಳೇ “ಮೊಯಿನ್” ಎಂದಳು. ಆ ಊರಿನ ನಮಸ್ಕಾರ ಅದು, ಬೆಳಿಗ್ಗೆಗೂ ಮೊಯಿನ್, ಸಂಜೆಗೂ ಮೊಯಿನ್. ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಎಲ್ಲಿಂದ ಬಂದಿರಿ, ಯಾರ ಪೈಕಿ, ಎಷ್ಟು ಜನ ಮಕ್ಕಳು ಎಂದು ಯಾರೂ ಕೇಳುವುದಿಲ್ಲ. ಮೊದಲ ದಿನ ಅದು ಹಾಯೆನಿಸಿತು. ಮೂರನೇ ದಿನಕ್ಕೆ ಯಾರಾದರೂ ಮಕ್ಕಳೆಷ್ಟು ಎಂದಾದರೂ ಕೇಳಬಾರದೇ ಎನಿಸತೊಡಗಿತು.

ಬಂದ ದಿನ ಸಂಜೆ ಹೈಕೆ ಮೇಜಿನ ಮೇಲೆ ಸೇಬಿನ ಕೇಕು ಇಟ್ಟಳು. ವಿಮಾನದ ಊಟ ನನಗೆ ಸೇರಿರಲಿಲ್ಲ, ಹೊಟ್ಟೆ ತಾಳ ಹಾಕುತ್ತಿತ್ತು.

“ಒಂದು ತುಂಡು ಹಾಕಲಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಅಯ್ಯೋ ಬೇಡ, ಬೇಡ” ಎಂದೆ.

“ಸರಿ” ಎಂದಳು. ಕೇಕನ್ನು ಎತ್ತಿಕೊಂಡು ಹೋಗಿ ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದಳು.

ನಾನು ಬಾಯಿ ತೆರೆದುಕೊಂಡೇ ಕೂತೆ. ನಮ್ಮ ಕಡೆ ಮೊದಲನೇ ಸಲ ಬೇಡ ಎನ್ನುವುದು ಎಂದರೆ ಮಾತು ಶುರು ಮಾಡಿದ ಹಾಗೆ. ಅಪ್ಪ ಬಡಿಸುವ ಹುಡುಗರಿಗೆ ಕಲಿಸಿದ್ದನ್ನು ನಾನೂ ಕಲಿಸುತ್ತೇನೆ. ಮೊದಲನೇ ‘ಸಾಕು’ ನಾಚಿಕೆಯದ್ದು, ಎರಡನೆಯದು ಮರ್ಯಾದೆಯದ್ದು, ಕೊನೆಯದು ಮಾತ್ರ ಹೊಟ್ಟೆಯದ್ದು. ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಿಂದ ಒಂದು ಸೌಟು ಪಾಯಸ ಇಳಿಸಿ ಮುಂದೆ ಹೋಗಬೇಕು. ಮೊದಲನೇ ಸಾಕಿಗೇ ಬಿಟ್ಟು ಹೋದರೆ ‘ಕೇಳೋರೇ ಗತಿ ಇರಲಿಲ್ಲ’ ಎಂದು ಬೀಗರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಹಾಗೆ ಹೆಸರು ಕಳೆದುಕೊಂಡ ಅಡುಗೆಯವರನ್ನು ನಾನೇ ಬಲ್ಲೆ.

ಕೋಣೆಗೆ ಹೋಗಿ, ಬ್ಯಾಗಿನಲ್ಲಿದ್ದ ಅವಲಕ್ಕಿಯನ್ನು ನಲ್ಲಿ ನೀರಿನಲ್ಲಿ ನೆನೆಸಿ ಚಟ್ನಿಪುಡಿ ಕಲಸಿಕೊಂಡು ತಿಂದೆ. ಗಿರೀಶನಿಗೆ ಕೇಕಿನ ಕಥೆ ಬರೆದು ಕಳಿಸಿದೆ. ನಗುವ ಮುಖ ಬಂತು. ‘ಊಟ ಆಯ್ತಾ’ ಎಂದು ಕೇಳಿದೆ. ‘ಹ್ಞೂಂ’ ಎಂದು ಬಂತು. ಮುಂಚೆಲ್ಲಾ ಏನು ಊಟ, ಉಪ್ಪು ಹೆಚ್ಚಾಗಿತ್ತಾ ಕಮ್ಮಿಯಾಗಿತ್ತಾ ಎಲ್ಲಾ ಬರೆಯುತ್ತಿದ್ದವನು.

ನದಿಯ ಕೆಳಗೆ

ಮೇಳದಲ್ಲಿ ನೋಡಿದ್ದನ್ನು ಬರೆಯುವುದಿಲ್ಲ. ಈರುಳ್ಳಿ ಹೆಚ್ಚುವ ಯಂತ್ರದ ಮುಂದೆ ನಿಂತು ಒಬ್ಬ ಯುವಕ ಒಂದು ಹನಿ ಕಣ್ಣೀರೂ ಬರುವುದಿಲ್ಲ ಎಂದು ವಿವರಿಸುತ್ತಿದ್ದ. ನನಗೆ ಮಾತ್ರ ಸುಮ್ಮಸುಮ್ಮನೆ ಕಣ್ಣು ತುಂಬುತ್ತಿತ್ತು.

ತರಗತಿಯ ಹಿಂದಿನ ದಿನ ಒಬ್ಬಳೇ ಹಳೆಯ ಸುರಂಗಕ್ಕೆ ಹೋದೆ. ಅದು ಎಲ್ಬೆ ನದಿಯ ತಳದಲ್ಲಿ ಇದೆ. ಮೇಲೆ ಹಡಗುಗಳು ಓಡುತ್ತಿರುತ್ತವೆ, ಕೆಳಗೆ ಜನ ಸೈಕಲ್ಲು ತಳ್ಳಿಕೊಂಡು ಹೋಗುತ್ತಾರೆ. ಗೋಡೆಗೆಲ್ಲಾ ಬಿಳಿ ಟೈಲ್ಸು, ನಡುನಡುವೆ ಮೀನು, ಏಡಿಗಳ ಚಿತ್ರ. ಗಾಜನೂರಿನಲ್ಲಿ ನಾವು ನೀರನ್ನು ಮೇಲಿಂದ ನೋಡುತ್ತೇವೆ. ಇಲ್ಲಿ ನದಿಯೇ ತಲೆಯ ಮೇಲಿತ್ತು. ಮೇಳದಲ್ಲಿ ಜೊತೆಯವರ ಹತ್ತಿರ ಎರಡು ಮಾತು ಬಿಟ್ಟರೆ ಅಷ್ಟು ದಿನದಲ್ಲಿ ಒಂದು ಕನ್ನಡ ಪದವನ್ನೂ ಗಟ್ಟಿಯಾಗಿ ಆಡಿರಲಿಲ್ಲ ಎಂಬುದು ಅಲ್ಲಿ ನೆನಪಾಯಿತು. ಹಿಂದೆ ಮುಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, “ಊಟ ಆಯ್ತಾ ಗಿರೀಶ?” ಎಂದು ಕೂಗಿದೆ.

ಸುರಂಗ ಅದನ್ನೇ ವಾಪಸು ಕೇಳಿತು. ಎಲ್ಲಿಂದಲೋ ಒಬ್ಬ ಮುದುಕ ಸೈಕಲ್ಲು ತಳ್ಳಿಕೊಂಡು ಬಂದು, ಒಂದು ಕ್ಷಣ ನನ್ನ ಮುಖ ನೋಡಿ, “ಮೊಯಿನ್” ಎಂದು ದಾಟಿ ಹೋದ. ಆ ಇಡೀ ದಿನ ನನ್ನ ಜೊತೆ ಮಾತಾಡಿದ್ದು ಅವನೊಬ್ಬನೇ.

ಕೆಂಪು ಇಟ್ಟಿಗೆಯ ಕಟ್ಟಡ

ತರಗತಿ ಕಾಲುವೆಯ ಪಕ್ಕದ ಕಟ್ಟಡದ ಮೇಲ್ಮಹಡಿಯಲ್ಲಿತ್ತು. ಬಾಗಿಲ ಬಳಿ ನಿಂತು ವಾಪಸು ಹೋಗಿಬಿಡಲೇ ಎಂದು ಯೋಚಿಸಿದೆ. ಒಳಗೆ ಏನೇನೋ ಕತ್ತಲೆ, ಸರಪಳಿ ಇರುತ್ತದೆ ಎಂದುಕೊಂಡಿದ್ದೆ. ನೋಡಿದರೆ ದೊಡ್ಡ ಕಿಟಕಿ, ತುಂಬಾ ಬೆಳಕು, ನೆಲಕ್ಕೆ ಚಾಪೆ, ಮೂಲೆಯಲ್ಲಿ ಚಹಾದ ಫ್ಲಾಸ್ಕು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಕಾಲುಚೀಲದಲ್ಲಿ ಕೂತಿದ್ದರು. ಯಾರೂ ಬಟ್ಟೆ ಬಿಚ್ಚುವಂತಿಲ್ಲ, ಇದು ಕಲಿಯುವ ಜಾಗ ಎಂದು ಮೊದಲೇ ಹೇಳಿದರು. ನನ್ನ ಜೀವಕ್ಕೆ ಅರ್ಧ ಸಮಾಧಾನವಾಯಿತು.

ಕಲಿಸುವವಳು ಉಟೆ. ಅರವತ್ತು ದಾಟಿದ, ದಪ್ಪನೆಯ, ದಾರ ಕಟ್ಟಿದ ಕನ್ನಡಕವನ್ನು ಎದೆಯ ಮೇಲೆ ಇಳಿಬಿಟ್ಟುಕೊಂಡ ಹೆಂಗಸು. ನನ್ನಂಥ ಇಬ್ಬರು ಮೂವರು ಹೊರಗಿನವರು ಇದ್ದುದರಿಂದ ಇಂಗ್ಲಿಷಿನಲ್ಲೇ ಹೇಳುತ್ತಿದ್ದಳು. ವಸ್ತುಗಳನ್ನೆಲ್ಲ ಬಟ್ಟೆಯಡಿ ಮುಚ್ಚಿಟ್ಟು, “ಬಾಯಿ ಖಾಲಿ ಇರುವಾಗಲೇ ಎಲ್ಲಾ ಮಾತು ಮುಗಿಸಿ. ಕಟ್ಟಿದ ಮೇಲೆ ಅವರು ಹೇಳುವ ಹಾಗಿಲ್ಲ, ನೀವು ಕೇಳುವ ಹಾಗಿಲ್ಲ” ಎಂದು ಶುರು ಮಾಡಿದಳು. ಏನು ಇಷ್ಟ, ಏನು ಬೇಡವೇ ಬೇಡ, ದವಡೆ ನೋವಿದೆಯೇ, ಹಲ್ಲು ಅಲುಗಾಡುತ್ತದೆಯೇ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟೇ, ಅಸ್ತಮಾ ಇದೆಯೇ, ಇವತ್ತು ಏನಾದರೂ ಕುಡಿದಿದ್ದೀರಾ. ಕುಡಿದಿದ್ದರೆ ಇವತ್ತು ಬೇಡ. ಮೂಗು ಕಟ್ಟಿದ್ದರೂ ಇವತ್ತು ಬೇಡ.

ನಾನು ಕೈಯೆತ್ತಿದೆ. “ಒಬ್ಬರಿಗೆ ವರ್ಷದ ಅರ್ಧದಷ್ಟು ದಿನ ಮೂಗು ಕಟ್ಟಿರುತ್ತದೆ. ಅವರು ಏನು ಮಾಡಬೇಕು?”

ಉಟೆ ಕನ್ನಡಕ ಏರಿಸಿಕೊಂಡು ನನ್ನನ್ನು ನೋಡಿದಳು. “ಉಳಿದರ್ಧ ದಿನ ಇದೆಯಲ್ಲ. ಆವತ್ತೂ ಮೊದಲು ಬಾಯಿ ಮುಚ್ಚಿ ಕೂರಿಸಿ ನೋಡು, ಸ್ವಲ್ಪ ಹೊತ್ತು ಮೂಗಿನಲ್ಲೇ ಆರಾಮಾಗಿ ಉಸಿರಾಡುತ್ತಾರಾ ಅಂತ. ಗಾಳಿಯಾಡುವ ತೂತಿರುವಂಥದ್ದನ್ನೇ ತಗೋ, ಅಥವಾ ಹಲ್ಲಿನ ನಡುವೆ ಕಚ್ಚಿಕೊಳ್ಳುವಂಥದ್ದು. ಸಂಶಯ ಇದ್ದರೆ ಏನೂ ಕಟ್ಟಬೇಡ. ಮಾತಾಡಬೇಡ ಅಂತ ನೀನು ಹೇಳಿ, ಅವರು ಮಾತಾಡದೇ ಇದ್ದರೆ ಅದೂ ಇದೇ ಆಟ.”

ಈ ಒಂದು ಮಾತಿಗಾಗಿಯೇ ಸಮುದ್ರ ದಾಟಿ ಬಂದಿದ್ದೇನೆ ಎನಿಸಿತು. ಗಿರೀಶನಿಗೆ ಹೇಳಬೇಕು, ಗಿರೀಶನಿಗೆ ಹೇಳಬೇಕು ಎಂದು ಮನಸ್ಸು ಕುಣಿಯುತ್ತಿತ್ತು.

ಆಮೇಲೆ ಬಟ್ಟೆ ಸರಿಸಿ ಒಂದೊಂದೇ ತೋರಿಸಿದಳು. ಬಟ್ಟೆಯನ್ನು ಉಂಡೆ ಮಾಡಿ ಬಾಯಿಗೆ ತುರುಕಬಾರದು, ಒದ್ದೆಯಾಗಿ ಗಂಟಲಿಗೆ ಜಾರುತ್ತದೆ. ಮೂಗಿನ ಹತ್ತಿರ ಏನೂ ಬರಬಾರದು, ಕುತ್ತಿಗೆಗೆ ಏನೂ ಸುತ್ತಬಾರದು. ಬಾಯಿಪಟ್ಟಿಯಲ್ಲಿ ಮೆತ್ತನೆಯ ರಬ್ಬರಿನಂಥ ಚೆಂಡು ಸಾಕು, ಅದೂ ಬಾಯಿ ಹರಿದುಕೊಳ್ಳುವಷ್ಟು ದೊಡ್ಡದು ಬೇಡ. ಅಂಗಾತ ಮಲಗಿಸಬಾರದು, ಜೊಲ್ಲು ನುಂಗಲಾಗುವುದಿಲ್ಲ, ಅದು ಹೊರಗೆ ಹರಿಯಬೇಕು. ವಾಂತಿ ಬಂದಂತಾದರೆ ಮೊದಲು ಬಿಚ್ಚು, ಪ್ರಶ್ನೆ ಆಮೇಲೆ. ತಲೆಯ ಹಿಂದಿನ ಬಕಲ್ಲನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಲು ಬರುವವರೆಗೆ ಕಟ್ಟಲೇಬೇಡ. ಬಕಲ್ಲು ಕೈಕೊಟ್ಟರೆ ಕತ್ತರಿಸಲು ಕತ್ತರಿ ಕೈಗೆಟಕುವಲ್ಲಿರಲಿ. ಮೊದಮೊದಲು ಕೆಲವೇ ನಿಮಿಷ. ಬಾಗಿಲು ಬಡಿದರೂ, ಫೋನು ಬಂದರೂ, ಹಾಲು ಉಕ್ಕಿದರೂ ಕಟ್ಟಿಸಿಕೊಂಡವರನ್ನು ಬಿಟ್ಟು ಎದ್ದು ಹೋಗಬೇಡ. ಒಬ್ಬರದ್ದನ್ನು ಒಬ್ಬರೇ ಬಳಸಿ, ಸೋಪು ಹಾಕಿ ತೊಳೆದಿಡಿ. ಹೊಸ ಹುಡುಗರನ್ನು ದೊಡ್ಡ ಬಾಣಲೆಯ ಮುಂದೆ ನಿಲ್ಲಿಸುವಾಗ ಒಲೆ ಹಚ್ಚುವ ಮುಂಚೆ ನಾನು ಮುಚ್ಚಳ ಎಲ್ಲಿದೆ ಎಂದು ತೋರಿಸುತ್ತೇನೆ. ಅದೇ ಕ್ರಮ ಇಲ್ಲಿಯೂ ಇತ್ತು.

ಕೊನೆಗೆ ಪ್ರತಿಯೊಬ್ಬರಿಗೂ ಒಂದು ಪುಟ್ಟ ಚೆಂಡು ಕೊಟ್ಟಳು. ಬೆಕ್ಕುಗಳ ಆಟಕ್ಕೆ ಮಾರುವಂಥದ್ದು, ಒಳಗೆ ಗೆಜ್ಜೆ ಇತ್ತು. “ಬಾಯಿ ಕಟ್ಟಿಸಿಕೊಂಡವರು ಇದನ್ನು ಕೈಯಲ್ಲಿ ಹಿಡಿದಿರಬೇಕು. ಸಾಕು ಅನಿಸಿದರೆ ಕೆಳಗೆ ಬಿಡಬೇಕು. ಬಿದ್ದ ಸದ್ದು ಕೇಳಿದ ತಕ್ಷಣ ಬಿಚ್ಚಬೇಕು.”

ಒಂಟಿಯಾಗಿ ಬಂದವರನ್ನು ಜೋಡಿ ಮಾಡಿದರು. ನನಗೆ ಸಿಕ್ಕವಳು ಸಬೀನೆ, ನಗರದ ಬಸ್ಸು ಓಡಿಸುವವಳು, ನನ್ನದೇ ವಯಸ್ಸು. ಮೂಗು, ದವಡೆ, ಹಲ್ಲು ಎಲ್ಲಾ ಕೇಳಿದೆ. ಹೊಸ ಬಾಯಿಪಟ್ಟಿಯೊಂದನ್ನು ತೊಳೆದು ತಂದೆ. ಅವಳು ಕುರ್ಚಿಯಲ್ಲಿ ಕೂತಳು, ನಾನು ಕಟ್ಟಿದೆ. ಬಕಲ್ಲು ಹಾಕುವಾಗ ಅವಳ ಕೂದಲು ಸಿಕ್ಕದ ಹಾಗೆ ಬೆರಳಿನಿಂದ ಸರಿಸಿದೆ. ಚೆನ್ನಾಗಿ ಮಾಡುತ್ತಿದ್ದೇನೆ ಎಂದು ನನಗೇ ಹೆಮ್ಮೆಯಾಯಿತು.

ಸ್ವಲ್ಪ ಹೊತ್ತಿಗೆ ಗೆಜ್ಜೆಯ ಚೆಂಡು ನೆಲಕ್ಕೆ ಬಿತ್ತು.

ನಾನು ಬಗ್ಗಿ ಎತ್ತಿಕೊಂಡೆ. ದುಪಟ್ಟಾದ ತುದಿಯಿಂದ ಒರೆಸಿದೆ. ಅವಳ ಅಂಗೈಯಲ್ಲಿ ವಾಪಸು ಇಟ್ಟೆ.

ಈಗ ಬರೆಯುವಾಗ ನನಗೇ ನಂಬಲಾಗುವುದಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ತಲೆ ಏನನ್ನೂ ಯೋಚಿಸಲಿಲ್ಲ, ಕೈ ತಾನಾಗಿ ಮಾಡಿತು. ಅತಿಥಿಯ ಕೈಯಿಂದ ಚಮಚ ಬಿದ್ದರೆ ನಾನು ಮಾಡುವುದು ಅದನ್ನೇ. ಸಬೀನೆ ಕಣ್ಣು ಅಗಲ ಮಾಡಿ ಮತ್ತೆ ಬಿಟ್ಟಳು. ಪಾಪ, ಕೈ ಬೆವರಿರಬೇಕು ಎಂದುಕೊಂಡೆ. ಮತ್ತೆ ಎತ್ತಿದೆ. ಈ ಸಲ ಜಾರದಿರಲಿ ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಚೆಂಡಿನ ಸುತ್ತ ಮಡಿಚಿ, ಮೇಲೊಂದು ಸಲ ತಟ್ಟಿದೆ.

ಉಟೆ ಅಷ್ಟು ದಪ್ಪ ಮೈ ಹೊತ್ತು ಓಡಿ ಬಂದದ್ದನ್ನು ನೋಡಿದಾಗಲೇ ನನಗೆ ಹೊಳೆದದ್ದು. ಅವಳ ಕೈ ಬಕಲ್ಲು ಮುಟ್ಟುವಷ್ಟರಲ್ಲಿ ನಾನೂ ಅಲ್ಲೇ ಇದ್ದೆ. ಇಬ್ಬರೂ ಸೇರಿ ಬಿಚ್ಚಿದೆವು. ಸಬೀನೆಗೆ ದವಡೆ ಹಿಡಿದುಕೊಂಡಿತ್ತು. ಕೆನ್ನೆ ಉಜ್ಜಿಕೊಳ್ಳುತ್ತಾ, “ಎರಡು ಸಲ ಬಿಟ್ಟೆನಲ್ಲಾ” ಎಂದಳು.

“ಆ ಚೆಂಡು ಅವಳ ಮಾತು” ಎಂದಳು ಉಟೆ. ಬೈಯುವ ದನಿಯಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. “ಅದನ್ನು ಎತ್ತಿ ವಾಪಸು ಅವಳ ಕೈಯಲ್ಲೇ ಇಟ್ಟೆ ನೀನು.”

ನಾನು ಕ್ಷಮೆ ಕೇಳಿದೆ. ಹರಕು ಇಂಗ್ಲಿಷಿನಲ್ಲಿ ನನ್ನ ಕೆಲಸ ಏನು, ನಮ್ಮಲ್ಲಿ ಸಾಕು ಎಂದರೆ ಸಾಕಲ್ಲ, ಕೈ ಅಡ್ಡ ಹಿಡಿದರೂ ಬಡಿಸುವುದೇ ಮರ್ಯಾದೆ ಎಂದೆಲ್ಲಾ ಹೇಳಿದೆ. ಸುತ್ತ ಕೂತವರು ನಕ್ಕರು. ಸಬೀನೆ ನಗಲಿಲ್ಲ. “ಹಾಗಾದರೆ ನಿಮ್ಮೂರಲ್ಲಿ ಹೊಟ್ಟೆ ತುಂಬಿದವರು ಏನು ಮಾಡಬೇಕು?” ಎಂದು ಕೇಳಿದಳು.

ಅಪ್ಪ ಅದೊಂದನ್ನು ಕಲಿಸಿರಲಿಲ್ಲ.

ಅವಳು ಎದ್ದು ಹೋಗಬಹುದಿತ್ತು. ಹೋಗಲಿಲ್ಲ, ನೀರು ಕುಡಿದು, “ಈಗ ನಿನ್ನ ಸರದಿ” ಎಂದಳು. ನನಗೆ ಕಟ್ಟಿದಳು. ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುರ್ಚಿ ಎಳೆದುಕೊಂಡು ಕೂತು ನನ್ನ ಮುಖವನ್ನೇ ನೋಡತೊಡಗಿದಳು. ನಿಯಮವೇ ಹಾಗೆ, ಕಟ್ಟಿದವರು ಕಣ್ಣು ತೆಗೆಯಬಾರದು. ಆಗಾಗ ನನ್ನ ಕೈ ಒತ್ತುತ್ತಿದ್ದಳು. ಸರಿಯಿದ್ದರೆ ನಾನೂ ಒತ್ತಬೇಕು. ಜೊಲ್ಲು ಗಲ್ಲದ ಮೇಲೆ ಇಳಿಯಿತು. ಅವಳು ಅಸಹ್ಯಪಡದೆ ಒರೆಸಿದಳು. ನನ್ನ ಮುಖವನ್ನು ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ, ನನಗೇನಾಗುತ್ತಿದೆ ಎಂದು ತಿಳಿಯುವುದಕ್ಕಾಗಿಯೇ ಯಾರಾದರೂ ನೋಡಿದ್ದು ಯಾವಾಗ? ಗಂಡ ನೋಡಿರಲಿಲ್ಲ. ಗಿರೀಶನೂ ನೋಡುವುದು ಅಣೆಕಟ್ಟಿನ ನೀರನ್ನೇ. ನನಗೆ ಅಳು ಬಂತು.

ದವಡೆ ನೋಯಲು ಶುರುವಾಗಿತ್ತು. ಚೆಂಡು ಬಿಡಬೇಕು. ಬಿಡಲಾಗಲಿಲ್ಲ. ಅವರು ಇಷ್ಟೆಲ್ಲಾ ತೊಂದರೆ ತೆಗೆದುಕೊಂಡಿದ್ದಾರೆ, ಇಷ್ಟು ಬೇಗ ಹೇಗೆ ಬಿಡುವುದು ಎಂಬ ಸಂಕೋಚ. ಸಬೀನೆ ಕೈ ಒತ್ತಿದಳು. ಸರಿಯಿದೆ ಎಂದು ನಾನೂ ಒತ್ತಿದೆ. ಅವಳು ಎದ್ದು ಬಂದು ಬಿಚ್ಚಿಬಿಟ್ಟಳು.

“ಕೈ ಸರಿ ಅನ್ನುತ್ತಿತ್ತು, ಕಣ್ಣು ಇಲ್ಲ ಅನ್ನುತ್ತಿತ್ತು. ನಾನು ಕಣ್ಣನ್ನು ನಂಬಿದೆ” ಎಂದಳು.

ಮುಗಿದ ಮೇಲೆ ಹೆಗಲಿಗೆ ಶಾಲು ಹೊದೆಸಿ, ನೀರು ಕೊಟ್ಟು, ಪಕ್ಕದಲ್ಲಿ ಕೂತಳು. ಅದೂ ಪಾಠದ ಭಾಗ. ಕಟ್ಟಿದವರು ಬಿಚ್ಚಿದ ಮೇಲೂ ಜೊತೆಗಿರಬೇಕು. ಆಮೇಲೆ ಅವಳಿಗೆ ಡ್ಯೂಟಿಗೆ ಹೊತ್ತಾಯಿತು. ಕೈ ಕುಲುಕಿ, ಮೆಟ್ಟಿಲಿಳಿದು ಹೋದಳು. ನಂಬರು ಕೇಳೋಣ ಎನ್ನುವಷ್ಟರಲ್ಲಿ ಬೀದಿ ತಿರುಗಿಯಾಗಿತ್ತು.

ಮನೆಗೆ ಬಂದರೆ ಹೈಕೆ ಅದೇ ಕೇಕಿನ ಕೊನೆಯ ತುಂಡನ್ನು ಮೇಜಿನ ಮೇಲಿಟ್ಟಿದ್ದಳು. “ಬೇಕಾ?” ಎಂದಳು. “ಬೇಕು” ಎಂದೆ. ಅಷ್ಟು ಸಣ್ಣ ಪದ ಹೇಳಲು ನನಗೆ ಒಂದು ವಾರ ಬೇಕಾಯಿತು.

ವಿಮಾನ ನಿಲ್ದಾಣ

ಬಾಯಿಪಟ್ಟಿ ಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಚೀಲ ಬಿಚ್ಚಿಸಿದರೆ ಏನು ಹೇಳುವುದೆಂಬ ಹೆದರಿಕೆ. ಸಾಕುಪ್ರಾಣಿಗಳ ಅಂಗಡಿಯಲ್ಲಿ ಒಂದು ಗೆಜ್ಜೆಯ ಚೆಂಡು ಮಾತ್ರ ಕೊಂಡೆ. ನಿಲ್ಲಿಸುವ ಗುರುತು ಮೊದಲು ಬರಲಿ, ಉಳಿದದ್ದನ್ನು ಇಬ್ಬರೂ ಕೂಡಿ ನೋಡೋಣ ಎಂದುಕೊಂಡೆ.

ತಪಾಸಣೆಯವನು ಅದನ್ನು ಹೊರತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದ. “ಬೆಕ್ಕಿದೆಯಾ?”

“ಇದೆ” ಎಂದೆ.

“ಹೆಸರು?”

“ಗಿರೀಶ.”

“ಗಿ-ರೀ-ಶ್” ಎಂದು ಹೇಳಿ ನೋಡಿದ. “ಒಳ್ಳೆಯ ಹೆಸರು. ನಿನಗಾಗಿ ಕಾಯುತ್ತಿರುತ್ತದೆ” ಎಂದು ಚೆಂಡನ್ನು ಜೋಪಾನವಾಗಿ ಒಳಗಿಟ್ಟ. ನಾನು ವಿಮಾನದಲ್ಲಿ ಕೂತ ಮೇಲೂ ನಗುತ್ತಲೇ ಇದ್ದೆ. ನಗು ನಿಂತ ಮೇಲೆ ಫೋನು ನೋಡಿದೆ. ಎರಡು ದಿನದಿಂದ ಅವನಿಂದ ಏನೂ ಬಂದಿರಲಿಲ್ಲ.

ಗಾಜನೂರು

ಬರುತ್ತಾನೋ ಇಲ್ಲವೋ ಎಂದುಕೊಂಡಿದ್ದೆ, ಬಂದ. ಕಾರು ಅದೇ ಜಾಗದಲ್ಲಿ ನಿಲ್ಲಿಸಿದ. ಆವತ್ತು ಅವನ ಮೂಗು ಚೆನ್ನಾಗಿತ್ತು, ಒಂದು ಸಲವೂ ಸೊರಸೊರ ಎನ್ನಲಿಲ್ಲ. ನಾನು ಉಸಿರು ತೆಗೆದುಕೊಳ್ಳದೆ ಹೇಳಿದೆ. ಹೈಕೆ, ಉಟೆ, ಸಬೀನೆ, ಏನೂ ಕಟ್ಟದೆಯೂ ಆಡಬಹುದು ಎಂಬ ಮಾತು, ನಾನು ಚೆಂಡು ಎತ್ತಿಕೊಟ್ಟ ಪೆದ್ದುತನ, ಎಲ್ಲಾ. ಚೆಂಡನ್ನು ಅವನ ಕೈಗೆ ಕೊಟ್ಟೆ. ಅವನು ಅದನ್ನು ಸದ್ದಾಗದ ಹಾಗೆ ಮುಷ್ಟಿಯಲ್ಲಿ ಹಿಡಿದು ಕೇಳುತ್ತಿದ್ದ. ಅಣೆಕಟ್ಟಿನಲ್ಲಿ ನೀರು ತುಂಬಿತ್ತು.

“ಶೈಲಾ” ಎಂದ. “ಬೇಡ.”

“ಕಟ್ಟೋದು ಬೇಡ್ವಾ? ಬೇಡ ಬಿಡು. ಅದಿಲ್ದೇನೂ...”

“ಅದಲ್ಲ. ಎಲ್ಲಾನೂ. ಆವತ್ತು ನಾನು ಹೇಳ್ಕೊಂಡಿದ್ದೇ ತಪ್ಪಾಯ್ತು ಅನ್ಸತ್ತೆ. ನೀನಿಲ್ದಾಗ ದಿನಾ ಅದೇ ಯೋಚ್ನೆ. ನಿನ್ನ ಮುಖ ನೋಡಿದ್ರೆ ನಾಚಿಕೆ ಆಗತ್ತೆ ನಂಗೆ. ನಾವು ಸಿಗೋದೇ ಬೇಡ.”

ಚೆಂಡನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟ. ಅದು ಸಣ್ಣಗೆ ಸದ್ದು ಮಾಡಿತು.

ನನಗೆ ಮಾತಿಗೆ ಬರವಿಲ್ಲ. ಹೊಟ್ಟೆ ತುಂಬಿದವರಿಗೆ ಇನ್ನೂ ಎರಡು ಹೋಳಿಗೆ ತಿನ್ನಿಸುವುದೇ ನನ್ನ ಹೊಟ್ಟೆಪಾಡು. ನಾಚಿಕೆ ಯಾಕೆ ಮಾರಾಯ, ನಂಗೂ ಅದೇ ಆಸೆ ಅಲ್ವಾ, ಒಂದ್ ತಿಂಗಳು ಬಿಟ್ಟು ನೋಡೋಣ, ನನ್ನಾಣೆ, ಒಂದೇ ಒಂದ್ ಸಲ. ಎಲ್ಲಾ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಎರಡು ಮಾತು ಆಡಿದ್ದರೆ ಅವನು ಮೆತ್ತಗಾಗುತ್ತಿದ್ದ, ಅವನ ಸ್ವಭಾವ ನನಗೆ ಗೊತ್ತು. ಡ್ಯಾಶ್‌ಬೋರ್ಡಿನ ಮೇಲಿನ ಚೆಂಡನ್ನು ನೋಡಿದೆ. ಅದನ್ನು ಎತ್ತಿ ಅವನ ಬೆರಳು ಮಡಿಚುವುದಕ್ಕೆ ನನ್ನ ಕೈ ತಾನಾಗಿ ಎದ್ದಿತ್ತು. ಇಳಿಸಿಕೊಂಡೆ.

“ಆಯ್ತು” ಎಂದೆ.

ಅವನು ತಿರುಗಿ ನೋಡಿದ. ನಮ್ಮಿಬ್ಬರ ಪರಿಚಯದಲ್ಲಿ ಅವನು ನನ್ನ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಗಾಡಿ ಶುರು ಮಾಡದೆ ಹಾಗೇ ಕೂತ. ಏನನ್ನಾದರೂ ಕಾಯುತ್ತಿದ್ದನೋ, ಸುಮ್ಮನೆ ಕೂತಿದ್ದನೋ ನನಗೆ ತಿಳಿಯಲಿಲ್ಲ. ಆಮೇಲೆ ನನ್ನನ್ನು ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋದ. ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮುಖಕ್ಕೆ ಸೆರಗು ಒತ್ತಿಕೊಂಡು ಅತ್ತೆ. ಪಕ್ಕದಲ್ಲಿ ಕೂತ ಹೆಂಗಸು, “ಯಾವೂರಮ್ಮ, ಯಾಕಮ್ಮ ಅಳ್ತೀಯ, ಮಕ್ಕಳೆಷ್ಟು?” ಎಂದು ಜನ್ನಾಪುರದವರೆಗೂ ಕೇಳುತ್ತಲೇ ಬಂದಳು.

ಭದ್ರಾವತಿ

ಈಗ ನನ್ನ ಬಡಿಸುವ ಹುಡುಗರಿಗೆ ಹೊಸ ಪಾಠ. ಸಾಕು ಎಂದರೆ ಸಾಕು. ‘ಅಕ್ಕನಿಗೆ ಫಾರಿನ್ನಿನ ಗಾಳಿ ಹೊಡೆದಿದೆ’ ಎಂದು ಅವರು ನನ್ನನ್ನು ನೋಡಿ ನಗುತ್ತಾರೆ.

ಮೊನ್ನೆ ಇಲ್ಲಿಯದೇ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ. ಹೋಳಿಗೆಯ ಬುಟ್ಟಿ ಹಿಡಿದು ನಾಗರಾಜ ಮುಂದೆ, ತುಪ್ಪದ ಗಿಂಡಿ ಹಿಡಿದು ನಾನು ಹಿಂದೆ. ಪಂಕ್ತಿಯ ನಡುವೆ ಕೂತಿದ್ದ ಒಬ್ಬ ಹಿರಿಯರು ಎಲೆಯ ಮೇಲೆ ಎರಡೂ ಕೈ ಹರಡಿ, “ಸಾಕಪ್ಪಾ ಸಾಕು” ಎಂದರು. ನಾಗರಾಜ ಹಳೆಯ ಅಭ್ಯಾಸದಂತೆ ಬಗ್ಗಿದ.

“ಸಾಕು ಅಂದ್ರಲ್ಲ ನಾಗರಾಜ. ಮುಂದೆ ಹೋಗು” ಎಂದೆ.

ಅವನು ಮುಂದೆ ಹೋದ. ಹಿರಿಯರು ಕೈ ಹರಡಿಕೊಂಡೇ ತಲೆಯೆತ್ತಿ ನನ್ನನ್ನು ನೋಡಿದರು. ಆಟದಲ್ಲಿ ಸೇರಿಸಿಕೊಳ್ಳದ ಮಗುವಿನ ಮುಖ.

“ಏನವ್ವಾ, ಒಂದ್ ಸಲಕ್ಕೇ ಬಿಟ್ಟೇಬಿಟ್ರಲ್ಲಾ! ಇನ್ನೊಂದ್ ಸಲ ಕೇಳಬಾರದಾ?”

ಪಂಕ್ತಿ ಗೊಳ್ಳೆಂದು ನಕ್ಕಿತು. ನನ್ನ ಕೈಯ ಗಿಂಡಿ ಅಲ್ಲೇ ನಿಂತಿತು. ಗಾಜನೂರಿನಲ್ಲಿ ಶುರುವಾಗದೆ ನಿಂತಿದ್ದ ಆ ಕಾರು, ಸ್ಟೇರಿಂಗಿನ ಮೇಲಿದ್ದ ಆ ಕೈ, ನನ್ನ ಕಡೆ ತಿರುಗಿದ್ದ ಆ ಮುಖ, ಎಲ್ಲಾ ಕಣ್ಣ ಮುಂದೆ ಬಂದವು. ಅವನೂ ಇದನ್ನೇ ಕಾಯುತ್ತಿದ್ದನೇ? ಇನ್ನೊಂದು ಸಲ ಕೇಳಲಿ ಎಂದೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಾಗುವುದಿಲ್ಲ. ಗೊತ್ತು ಮಾಡಿಕೊಳ್ಳಲು ಇರುವ ಒಂದೇ ದಾರಿಯೆಂದರೆ ಚೆಂಡನ್ನು ಎತ್ತಿ ಮತ್ತೆ ಅವನ ಕೈಯಲ್ಲಿಡುವುದು.

“ಯಜಮಾನ್ರೇ, ನೀವೇ ಕೇಳಿ” ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಮೆತ್ತಗೆ ಬಂತು. “ಬೇಕು ಅಂದ್ರೆ ಹಾಕ್ತೀನಿ. ನಾನೇನು ಎಲ್ಲಿಗೂ ಹೋಗಲ್ಲ, ಇಲ್ಲೇ ನಿಂತಿರ್ತೀನಿ.”

ಅವರು ಅತ್ತಿತ್ತ ನೋಡಿದರು. ಇಷ್ಟು ವಯಸ್ಸಿನಲ್ಲಿ ಯಾರೂ ಅವರಿಂದ ಆ ಪದ ಹೇಳಿಸಿರಲಿಲ್ಲವೇನೋ. ಕಿವಿ ಕೆಂಪಾಯಿತು. ಒಂದೊಂದೇ ಕೈಯನ್ನು ಎಲೆಯಿಂದ ತೆಗೆದರು.

“ಬೇಕು” ಎಂದರು. “ತುಪ್ಪಾನೂ.”

ನಾಗರಾಜನನ್ನು ಕರೆದು ಒಂದು ಹೋಳಿಗೆ ಇಡಿಸಿದೆ, ಮೇಲೆ ತುಪ್ಪ ಬಿಟ್ಟೆ. ಗಿರೀಶನ ಹತ್ತಿರ ನನ್ನ ನಂಬರು ಇದೆ. ಮುಂದಿನ ಎಲೆಗೆ ಹೋದೆ.